ಒಲೆ ಇಲ್ಲದ ರೂಮು

ರಜೆಯ ಬಗ್ಗೆ ಪ್ರಬಂಧ ಬರೆಯಿರಿ ಎಂದು ಪ್ರತಿ ಜೂನ್‌ನಲ್ಲೂ ಶಾಲೆಯ ಮಕ್ಕಳಿಗೆ ಹೇಳುತ್ತೇನೆ. ಅಜ್ಜಿ ಮನೆಗೆ ಹೋದೆವು, ಮಾವಿನ ಹಣ್ಣು ತಿಂದೆವು, ಬಾವಿಯಲ್ಲಿ ಈಜಿದೆವು ಎಂದು ಅವರು ಪುಟ ತುಂಬಿಸುತ್ತಾರೆ. ನನಗೇ ಯಾರಾದರೂ ಬರೆ ಎಂದರೆ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೇನೆ: ನಾನು ಒಲೆ ಹಚ್ಚದ ದಿನವೇ ರಜೆ. ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದಮೇಲೆ ಅಂಥದ್ದೊಂದು ದಿನ ನನ್ನ ಕೈಗೆ ಸಿಕ್ಕಿರಲಿಲ್ಲ.

ಕೆಲಸ ಹೆಚ್ಚಾಯಿತು ಎಂಬುದಲ್ಲ ನನ್ನ ದೂರು. ಮಧುವನಹಳ್ಳಿಯ ಶಾಲೆಗೆ ಹೊರಡುವಷ್ಟರಲ್ಲಿ ತಿಂಡಿ, ಮಧ್ಯಾಹ್ನದ ಡಬ್ಬಿ, ಮಕ್ಕಳ ಹಾಲು ಎಲ್ಲವನ್ನೂ ಮುಗಿಸುವುದು ನನಗೆ ಒಗ್ಗಿಹೋಗಿದೆ. ಮಗಳು ಒಂದನೇ ಕ್ಲಾಸು, ಮಗನಿಗೆ ಇನ್ನೂ ಮೂರು ತುಂಬಿರಲಿಲ್ಲ. ಮಾವ ತೀರಿಕೊಂಡ ಮೇಲೆ ಹನೂರಿನ ಕಡೆಯ ಊರು ಬಿಟ್ಟು ನಮ್ಮ ಜೊತೆಗೇ ಇರುವ ಅತ್ತೆ ಕೈಜೋಡಿಸುತ್ತಾರೆ. ನನ್ನ ಗಂಡನದು ಮೋಟಾರು, ಪೈಪು ಮಾರುವ ಅಂಗಡಿ. ಬಾವಿ ಎಷ್ಟು ಆಳ ಎಂದರೆ ಯಾವ ಮೋಟಾರು ಬೇಕೆಂದು ನಿದ್ದೆಗಣ್ಣಲ್ಲೂ ಹೇಳುತ್ತಾರೆ, ಉಪ್ಪಿನ ಡಬ್ಬಿ ಎಲ್ಲಿದೆ ಎಂದರೆ ಮಗಳನ್ನು ಕೇಳುತ್ತಾರೆ. ಇದೆಲ್ಲ ಇರಲಿ. ಮನೆ ಬಿಟ್ಟು ಹೋದಾಗಲೂ ಒಲೆ ನಮ್ಮ ಹಿಂದೆಯೇ ಬರುತ್ತದಲ್ಲ, ನನ್ನ ದೂರು ಅದರ ಮೇಲೆ.

ನಮ್ಮವರು ಟೂರ್ ಎಂದು ಹೊರಡುವುದು ಮಾದಪ್ಪನ ಬೆಟ್ಟಕ್ಕೆ. ಟೆಂಪೊ ಮಾಡಿಕೊಂಡು, ಅಕ್ಕಿ, ಬೇಳೆ, ಪಾತ್ರೆ, ಸೌದೆ ತುಂಬಿ, ಉಳಿದ ಜಾಗದಲ್ಲಿ ನೆಂಟರನ್ನು ಹತ್ತಿಸಿಕೊಳ್ಳುತ್ತೇವೆ. ಮೇಲೆ ಹೋಗಿ ಮೂರು ಕಲ್ಲು ಹೂಡಿ ಅಡುಗೆ ಮಾಡಿ, ದೇವರಿಗೆ ಎಡೆಯಿಟ್ಟು, ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ ಕರೆದು ಕೂರಿಸಿ ಉಣಿಸಬೇಕು. ಇದಕ್ಕೆ ಪರ ಮಾಡುವುದು ಎನ್ನುತ್ತಾರೆ. ಗಂಡಸರು ಮಿಂದು, ದೇವರು ನೋಡಿ, ಮಕ್ಕಳಿಗೆ ಅಂಗಡಿ ಸಾಲು ತೋರಿಸಿಕೊಂಡು ಬರುವಷ್ಟರಲ್ಲಿ ಅನ್ನ ಬೆಂದಿರಬೇಕು. ಪುಣ್ಯದ ಕೆಲಸ, ಬೇಡ ಎನ್ನುವಂತಿಲ್ಲ. ಆದರೂ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಕೂತಾಗ, ಮಾದಪ್ಪನೇ ಒಂದು ಸಲ ಇಳಿದು ಬಂದು ಕುಂಬಳಕಾಯಿ ಹೆಚ್ಚಿಕೊಡಬಾರದೇ ಅನಿಸುತ್ತಿತ್ತು.

ಹೀಗಿರುವಾಗ ಗಂಡನಿಗೆ ಮೈಸೂರಿನಿಂದ ಫೋನು ಬಂತು. ಯಾವುದೋ ರಿಸಾರ್ಟ್ ಕಂಪನಿಯವರು. ನಿಮ್ಮ ಕುಟುಂಬ ಆಯ್ಕೆಯಾಗಿದೆ, ಎಲ್ಲರೂ ಬಂದು ನಾವು ಹೇಳುವುದನ್ನು ಕೇಳಿಸಿಕೊಂಡರೆ ಸಾಕು, ಊಟ ಹಾಕಿ ಉಡುಗೊರೆ ಕೊಡುತ್ತೇವೆ ಎಂದರಂತೆ. ಪುಕ್ಕಟೆ ಎಂದರೆ ನನ್ನ ಗಂಡನ ಕಿವಿ ನೆಟ್ಟಗಾಗುತ್ತದೆ. ಭಾನುವಾರ ಅಂಗಡಿಗೆ ಬೀಗ ಹಾಕಿ ನಮ್ಮನ್ನೆಲ್ಲ ಕಾರಿಗೆ ತುಂಬಿಕೊಂಡು ಹೊರಟರು.

ಹೋಟೆಲೊಂದರ ತಂಪು ಹಾಲ್‌ನಲ್ಲಿ ಟೈ ಕಟ್ಟಿದ ಒಬ್ಬರು ನಮ್ಮೆದುರು ಕೂತು ವಿವರಿಸಿದರು. ಇದು ಟೈಮ್‌ಶೇರ್. ಒಂದು ಸಲ ಮೆಂಬರ್ ಆದರೆ ವರ್ಷಕ್ಕೊಂದು ವಾರ ರಿಸಾರ್ಟಿನ ರೂಮು ನಮ್ಮದು, ಉಳಿದ ವಾರಗಳು ಬೇರೆಯವರದು. ಊಟಿ, ಮಡಿಕೇರಿ, ಎಲ್ಲಿ ಅವರ ರಿಸಾರ್ಟ್ ಇದೆಯೋ ಅಲ್ಲಿಗೆ ಹೋಗಬಹುದು. ನಾನೂ ಗಂಡನೂ ತಲೆದೂಗುತ್ತ ಕೂತಿದ್ದೆವು. ನಿಜವಾಗಿ ಅರ್ಥವಾದದ್ದು ಅತ್ತೆಗೆ. ಊರಿನಲ್ಲಿ ಮಾವನ ಅಣ್ಣತಮ್ಮಂದಿರು ಒಂದೇ ಬಾವಿಯನ್ನು ಸರದಿಯ ಮೇಲೆ ಹಂಚಿಕೊಂಡಿದ್ದರು. ಅವರವರ ಸರದಿಯಲ್ಲಿ ಅವರವರು ಮೋಟಾರು ಹಾಕಿ ಗದ್ದೆಗೆ ನೀರು ಬಿಟ್ಟುಕೊಳ್ಳಬೇಕು.

“ಸರದಿ ಮುಗುದ್ಮೇಲೂ ಮೋಟಾರು ಆರುಸ್ದೆ ಇದ್ರೆ ಏನ್ ಮಾಡೀರಿ ಸಾ?” ಎಂದು ಅತ್ತೆ ಕೇಳಿದರು.

ಟೈನವರಿಗೆ ಪಾಪ ಮೋಟಾರು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ನನ್ನ ಗಂಡ ಬಿಡಿಸಿ ಹೇಳಿದ ಮೇಲೆ, ವಾರ ಮುಗಿದ ಬೆಳಿಗ್ಗೆ ರೂಮು ಬಿಡಿಸದೆ ಬಿಡುವುದಿಲ್ಲ, ಜಗಳಕ್ಕೆ ಆಸ್ಪದವೇ ಇಲ್ಲ ಎಂದು ನಕ್ಕರು. ಅತ್ತೆ ನಂಬಿದಂತೆ ಕಾಣಲಿಲ್ಲ. ಆ ಬಾವಿಯ ಸರದಿಗಾಗಿ ನಡೆದ ಜಗಳಗಳನ್ನು ಅವರು ಇವತ್ತಿಗೂ ಹೇಳುತ್ತಾರೆ.

ನಾನು ಸುಲಭಕ್ಕೆ ಮರುಳಾಗುವವಳಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಮಾತಿದೆ, ಅದು ಸುಳ್ಳೂ ಅಲ್ಲ. ಆದರೆ ಮಕ್ಕಳಿಗೆಂದೇ ಮೊಣಕಾಲುದ್ದದ ನೀರಿನ ಈಜುಕೊಳ, ಮೆಟ್ಟಿಲಿಲ್ಲದ ಕೆಳಗಿನ ರೂಮುಗಳು, ಮರಳು ಹಾಸಿದ ಆಟದ ಜಾಗ ಎಂದು ಫೋಟೋ ತೋರಿಸುತ್ತ ಹೋದಾಗ ಮನಸ್ಸು ಮೆತ್ತಗಾಯಿತು. ಮಕ್ಕಳು ಆಡುತ್ತಿರುತ್ತಾರೆ, ನಾನು ಕುರ್ಚಿಯಲ್ಲಿ ಕಾಲು ಚಾಚಿ ಕೂತಿರುತ್ತೇನೆ, ಯಾರೋ ಬಂದು ಊಟಕ್ಕೆ ಕರೆಯುತ್ತಾರೆ. ವರ್ಷಕ್ಕೆ ಒಂದೇ ವಾರ. ಆಸೆ ಹತ್ತಿಬಿಟ್ಟಿತು.

ಆಗ ಅವರು ರೂಮಿನ ಒಳಗಿನ ಫೋಟೋ ತೆಗೆದರು. ದೊಡ್ಡ ರೂಮು, ಅದರ ಮೂಲೆಯಲ್ಲಿ ಪುಟ್ಟದೊಂದು ಅಡುಗೆಮನೆ. ಅಡುಗೆಮನೆ ಇಲ್ಲದ ರೂಮುಗಳೂ ಇವೆಯಂತೆ, ಆದರೆ ಅವು ಸ್ವಲ್ಪ ಚಿಕ್ಕವು. ಚಿಕ್ಕ ಮಕ್ಕಳಿರುವವರು ಯಾರೂ ಅವನ್ನು ಕೇಳುವುದೇ ಇಲ್ಲ, ಇದಾದರೆ ಮನೆಯಲ್ಲಿದ್ದ ಹಾಗೇ ಇರುತ್ತದೆ ಮೇಡಂ ಎಂದರು. ಮನೆಯಲ್ಲಿದ್ದ ಹಾಗೇ ಇರುವುದಾದರೆ ನಾನು ಮನೆಯಲ್ಲೇ ಇರುತ್ತೇನೆ ಎಂದೆ. ಗಂಡ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ತಿರುಗಿ ಬರುವಾಗ ಟಿ. ನರಸೀಪುರ ದಾಟುವವರೆಗೂ ಇದೇ ವಾದ. ಗಂಡನ ಮಾತಿನಲ್ಲೂ ನ್ಯಾಯವಿತ್ತು, ಅದೇ ನನಗೆ ಉರಿ. ಮಗನಿಗೆ ಸ್ವಲ್ಪ ಖಾರ ತಾಗಿದರೂ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಾನೆ. ರಿಸಾರ್ಟಿನ ಮಸಾಲೆ ಊಟ ಅವನ ಗಂಟಲಲ್ಲಿ ಇಳಿಯುತ್ತದೆಯೇ, ಹೊತ್ತಲ್ಲದ ಹೊತ್ತಿನಲ್ಲಿ ಹಾಲು ಬೇಕೆಂದರೆ ಯಾರನ್ನು ಕೇಳುವುದು, ನೀನು ಟೀಚರಾಗಿದ್ದುಕೊಂಡು ಇಷ್ಟು ಯೋಚನೆ ಮಾಡುವುದಿಲ್ಲವೇ ಎಂದರು. ಅತ್ತೆ ಹಿಂದಿನ ಸೀಟಿನಲ್ಲಿ ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸುಮ್ಮನಿದ್ದರು. ಸುಮ್ಮನಿದ್ದಾರೆಂದರೆ ತಮ್ಮ ಮಗನ ಕಡೆಗೇ ಎಂದುಕೊಂಡೆ. ಮನೆಗೆ ಬಂದು ಉಡುಗೊರೆಯ ಡಬ್ಬಿ ಬಿಚ್ಚಿದರೆ ಒಳಗೆ ಇದ್ದದ್ದು ಸ್ಟೀಲಿನ ಕುಕ್ಕರು.

ಕೊನೆಗೆ ಕಂಪನಿಯವರೇ ಒಂದು ದಾರಿ ಹೇಳಿದರು. ಎರಡು ರಾತ್ರಿ ಬಂದು ಇದ್ದು ನೋಡಿ, ಆಮೇಲೆ ಯಾವ ರೂಮು ಬೇಕೆಂದು ಹೇಳಿ, ನಾವೇ ಅಲ್ಲಿಗೆ ಬಂದು ಸಹಿ ಹಾಕಿಸಿಕೊಳ್ಳುತ್ತೇವೆ ಎಂದರು. ಅವರ ಹೊಸ ರಿಸಾರ್ಟು ಇದ್ದದ್ದು ಯಳಂದೂರು ದಾಟಿ, ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ. ಬೆಳಿಗ್ಗೆ ಹೊರಟರೆ ತಿಂಡಿಯ ಹೊತ್ತಿಗೆ ತಲುಪುವ ಜಾಗಕ್ಕೆ ಯಾರಾದರೂ ರಜೆಗೆ ಹೋಗುತ್ತಾರೆಯೇ ಎಂದು ಗಂಡ ಗೊಣಗಿದರು. ಮಗಳು ಮಾತ್ರ ಹಿಂದಿನ ದಿನದಿಂದಲೇ ಈಜುವ ಬಟ್ಟೆ ತೊಟ್ಟು ಮನೆಯಲ್ಲಿ ಓಡಾಡುತ್ತಿದ್ದಳು.

ಹೊರಡುವಾಗ ಕಾರಿನ ಡಿಕ್ಕಿ ಮುಚ್ಚಲೇ ಇಲ್ಲ. ಅಂಗಡಿಯ ಹಗ್ಗದಲ್ಲಿ ಕಟ್ಟಿದರು. ಮಕ್ಕಳ ಬಟ್ಟೆ ಜಾಸ್ತಿಯಾಯಿತೇನೋ ಎಂದುಕೊಂಡು ನಾನು ಮುಂದೆ ಕೂತೆ. ಗದ್ದೆಗಳ ನಡುವೆ, ಯಳಂದೂರಿನ ಬೀದಿಯಲ್ಲಿ, ಗುಂಬಳ್ಳಿಯ ಕಡೆಗೆ ತಿರುಗುವವರೆಗೂ ನನಗೆ ಬಲು ಸಂತೋಷವಾಗಿತ್ತು, ಹಾಡು ಕೂಡ ಗುನುಗಿದೆ. ಮಗಳು ಅಮ್ಮ ಹಾಡ್ತಿದಾಳೆ ಎಂದು ಎಲ್ಲರಿಗೂ ಹೇಳಿದಳು.

ರಿಸಾರ್ಟಿನ ಬಾಗಿಲಲ್ಲೇ ಬೋರ್ಡು ಇತ್ತು: ಅದೃಷ್ಟವಿದ್ದರೆ ಇಲ್ಲಿಂದ ಆನೆಗಳನ್ನು ನೋಡಬಹುದು. ಮಗಳು ಜೋರಾಗಿ ಓದಿದಳು. ಅತ್ತೆಯ ತವರು ಕಾಡಿನಂಚಿನ ಲೊಕ್ಕನಹಳ್ಳಿ. ಅವರ ಅಪ್ಪ ಅಣ್ಣಂದಿರು ಆನೆ ಬಂತೆಂದರೆ ತಮಟೆ ಬಡಿದು, ಪಟಾಕಿ ಹೊಡೆದು, ಜೋಳದ ಹೊಲ ಉಳಿಸಿಕೊಳ್ಳಲು ಅಟ್ಟಣೆಯ ಮೇಲೆ ನಿದ್ದೆಗೆಟ್ಟವರು. ಆನೆ ನೋಡುವುದು ಅದೃಷ್ಟವಾದರೆ ನಮ್ಮಣ್ಣನಷ್ಟು ಅದೃಷ್ಟವಂತ ಯಾರೂ ಇಲ್ಲ, ಅವನನ್ನೇ ಕರೆಸಿ ಇಲ್ಲಿ ಕೂರಿಸಿ ಎಂದು ಗೇಟಿನ ಕಾವಲಿನವನಿಗೆ ಹೇಳಿದರು. ಆತನೂ ಆ ಕಡೆಯವನೇ ಇರಬೇಕು, ಬಗ್ಗಿ ಬಗ್ಗಿ ನಕ್ಕ.

ನಾನು ಒಳಗೆ ಕಾಲಿಟ್ಟದ್ದೇ ಇನ್‌ಸ್ಪೆಕ್ಟರಿನಂತೆ ಎಲ್ಲವನ್ನೂ ನೋಡಿ ಬಂದೆ. ಚಿಕ್ಕ ಕೊಳಕ್ಕೂ ದೊಡ್ಡ ಕೊಳಕ್ಕೂ ನಡುವೆ ಗೇಟಿತ್ತು, ಗೇಟಿಗೆ ಚಿಲಕ ಮೇಲಿತ್ತು. ಆಟದ ಮರಳಿನಲ್ಲಿ ಕಲ್ಲಿರಲಿಲ್ಲ. ಜಗುಲಿಯ ಕಂಬಿಗಳ ನಡುವೆ ಮಗನ ತಲೆ ತೂರುವಂತಿರಲಿಲ್ಲ. ಅವನು ತೂರಿಸಿ ನೋಡಿಯೇ ಖಾತ್ರಿ ಮಾಡಿಕೊಟ್ಟ. ಎದುರಿಗೆ ಬೆಟ್ಟದ ಸಾಲು, ಅದರ ಮೇಲೆ ಮೋಡ. ಇಷ್ಟು ಚೆನ್ನಾಗಿರುವ ಜಾಗ ನಮ್ಮ ಮನೆಗೆ ಇಷ್ಟು ಹತ್ತಿರ ಇದೆಯಲ್ಲ ಎಂದು ಹೇಳಲು ಖುಷಿಯಿಂದ ರೂಮಿಗೆ ಬಂದೆ.

ರೂಮಿನಲ್ಲಿ ಡಿಕ್ಕಿಯ ಮೂಟೆಗಳು ಬಿಚ್ಚಿಕೊಂಡಿದ್ದವು. ಅಕ್ಕಿ, ರಾಗಿ ಹಿಟ್ಟು, ತೊಗರಿಬೇಳೆ, ಎರಡು ಕುಂಬಳಕಾಯಿ, ಸಾರಿನ ಪುಡಿ, ಬೆಲ್ಲ, ದೊಡ್ಡ ಪಾತ್ರೆ, ಮುದ್ದೆ ಕೋಲು. ಅತ್ತೆ ಸೆರಗು ಸಿಕ್ಕಿಸಿಕೊಂಡು ಪುಟ್ಟ ಅಡುಗೆಮನೆಯ ನಡುವೆ ನಿಂತಿದ್ದರು. ಅಲ್ಲಿ ಅಡುಗೆಮನೆ ಇದೆ ಎಂದು ಅವರ ಮಗ ಒಂದು ಮಾತು ಹೇಳಿದ್ದರಂತೆ. ಬೆಟ್ಟಕ್ಕೆ ಹೋಗುವುದು, ಅಲ್ಲಿ ಅಡುಗೆಮನೆಯೂ ಇರುವುದು ಎಂದಮೇಲೆ ಇನ್ನೇನು ಕೇಳಬೇಕು ಎಂದು ಅತ್ತೆ ಸಾಮಾನು ಕಟ್ಟಿದ್ದರು.

“ಏನತ್ತೆ ಇದು? ನಾವು ರಜೆಗೆ ಬಂದಿರೋದು” ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿತು.

“ಬೆಟ್ಟುಕ್ ಬಂದು ಪರ ಮಾಡ್ದೆ ಓದ್ರೆ ಆದದಾ ಮೊಗಾ?”

ಇದು ಮಾದಪ್ಪನ ಬೆಟ್ಟವಲ್ಲ, ರಂಗಪ್ಪನದು ಎಂದೆ. ಬೆಟ್ಟ ಅಂದಮೇಲೆ ಎಲ್ಲ ದೇವರದೂ ಒಂದೇ ಎಂದರು. ಗಂಡ ಕಿಟಕಿಯ ಪರದೆ ಎಳೆಯುವುದು, ಬಿಡುವುದು ಮಾಡುತ್ತ ನಿಂತಿದ್ದರು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ, ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ನಾಚಿಕೆಯೇನಿಲ್ಲ ಹೇಳಿಕೊಳ್ಳಲು. ಕಾಲು ಚಾಚಿ ಕೂರುವ ಆಸೆ ಅಷ್ಟು ಬಲಿತಿತ್ತು. ಆಮೇಲೆ ಮುಖ ತೊಳೆದು ಬಂದು ಕುಂಬಳಕಾಯಿ ಹೆಚ್ಚಲು ಕೂತೆ. ಅವರೊಬ್ಬರನ್ನೇ ಬಿಟ್ಟು ಹೋಗಿ ಕೊಳದ ಪಕ್ಕ ಕೂರುವ ಮನಸ್ಸೂ ನನಗಿರಲಿಲ್ಲ.

ಅಲ್ಲಿದ್ದದ್ದು ಕರೆಂಟಿನ ಒಲೆ. ಅತ್ತೆ ತಂದ ಅಲ್ಯೂಮಿನಿಯಂ ಪಾತ್ರೆ ಇಟ್ಟರೆ ಕಿರ್ರೆಂದು ಸದ್ದು ಮಾಡಿ ಆರಿಹೋಗುತ್ತಿತ್ತು. ಅದು ಒಪ್ಪಿಕೊಂಡದ್ದು ಕಂಪನಿಯವರೇ ಕೊಟ್ಟಿದ್ದ ಕುಕ್ಕರನ್ನು ಮಾತ್ರ. ಅತ್ತೆ ಅದನ್ನೂ ತಂದಿದ್ದರು. ಹಾಗಾಗಿ ಒಂದೇ ಕುಕ್ಕರಿನಲ್ಲಿ ಸಾರು, ಆಮೇಲೆ ಅನ್ನ, ಆಮೇಲೆ ಪಾಯಸ. ಮುದ್ದೆಯನ್ನೂ ಅದರಲ್ಲೇ ತಿರುವಿದೆವು. ಗಂಡ ಕುಕ್ಕರಿನ ಕಿವಿ ಹಿಡಿದುಕೊಂಡರು, ನಾನು ಕೋಲು ಹಾಕಿದೆ, ಅತ್ತೆ ಹೀಗಲ್ಲ ಹಾಗೆ ಎನ್ನುತ್ತಿದ್ದರು. ಮಗ ಸದ್ಯಕ್ಕೆ ಕುಂಬಳಕಾಯಿಯ ತೊಟ್ಟನ್ನು ಕಾರು ಮಾಡಿಕೊಂಡು ಆಡುತ್ತಿದ್ದ.

ಪರ ಎಂದಮೇಲೆ ಜನ ಬೇಕಲ್ಲ. ಅತ್ತೆ ಜಗುಲಿಗೆ ಹೋಗಿ ಕಂಡವರನ್ನೆಲ್ಲ ಕರೆದರು. ಪಕ್ಕದ ರೂಮಿನ ಗಂಡ ಹೆಂಡತಿ ಮೊದಲು ಬೇಡ ಬೇಡ ಎಂದರು, ಅವರ ಮಗು ಆಗಲೇ ಬಂದು ಚಕ್ಕಳಮಕ್ಕಳ ಹಾಕಿ ಕೂತಿತ್ತು. ಗೇಟಿನ ಕಾವಲಿನವನೂ ಇನ್ನೊಂದು ರೂಮಿನವರ ಡ್ರೈವರೂ ಬಂದರು. ಜಗುಲಿಯಲ್ಲಿ ಸಾಲಾಗಿ ಕೂತು ಎಲ್ಲರೂ ಹೊಟ್ಟೆ ತುಂಬ ಉಂಡರು, ಪಕ್ಕದ ರೂಮಿನಾಕೆ ಸಾರಿನ ಪುಡಿ ಮಾಡುವುದು ಹೇಗೆಂದು ಕೇಳಿಕೊಂಡರು. ನಗು ಮಾತು ಬೇಕಾದಷ್ಟಿತ್ತು. ನಾನೂ ನಕ್ಕೆ. ಪಾತ್ರೆ ತೊಳೆಯುವಾಗ ಮಾತ್ರ ಒಂದೇ ಯೋಚನೆ: ನಾಳೆ ಈ ರೂಮಿಗೆ ಸಹಿ ಬಿದ್ದರೆ, ಮಕ್ಕಳು ದೊಡ್ಡವರಾಗುವವರೆಗೂ ನನ್ನ ರಜೆ ಎಂದರೆ ಇನ್ನೊಂದು ಊರಿನ ಒಲೆ. ಬೆಳಿಗ್ಗೆ ಟೈನವರು ಬಂದಾಗ ಮೆಂಬರ್‌ಶಿಪ್ಪೇ ಬೇಡ ಎಂದುಬಿಡುವುದೆಂದು ತೀರ್ಮಾನಿಸಿದೆ.

ಬೆಳಗಿನ ತಿಂಡಿ ಊಟದ ಹಾಲ್‌ನಲ್ಲಿ, ಅದು ರೂಮಿನ ಜೊತೆಗೇ ಸೇರಿತ್ತು. ಪುಕ್ಕಟೆಯಾದ್ದರಿಂದ ಗಂಡ ಯಾರನ್ನೂ ಬಿಡದೆ ಹೊರಡಿಸಿದರು. ಮಗನಿಗೆ ತಟ್ಟೆ ತಾನೇ ಹಿಡಿದು, ತಾನೇ ಬೆರಳು ತೋರಿಸಿ ಇಡ್ಲಿ ಹಾಕಿಸಿಕೊಳ್ಳಬಹುದು ಎಂಬುದು ಗೊತ್ತಾಗಿಹೋಯಿತು. ಮನೆಯಲ್ಲಿ ಕಾಗೆ ಗುಬ್ಬಿ ತೋರಿಸಿ ತುರುಕಿದರೂ ಬಾಯಿ ಬಿಡದವನು ಮೊಸರಿನಲ್ಲಿ ಅದ್ದಿಕೊಂಡು ಸದ್ದಿಲ್ಲದೆ ತಿಂದ. ನಾನು ಗಂಡನ ಮುಖ ನೋಡಿದೆ. ಅವರು ದೋಸೆ ನೋಡುತ್ತಿದ್ದರು.

ಅತ್ತೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಬಡಿಸುವವರು ಬಂದರೆ ಎದ್ದು ಪಾತ್ರೆ ಇಸಿದುಕೊಳ್ಳಲು ಕೈ ಚಾಚುತ್ತಿದ್ದರು. ಕೂತ್ಕೊಳ್ಳಿ ಅಮ್ಮ, ಇನ್ನೊಂದು ದೋಸೆ ಹಾಕಲಾ, ಚಟ್ನಿ ಬೇಕಾ ಎಂದು ಬಡಿಸುವಾತ ಕೇಳಿದಾಗ ಅತ್ತೆ ನನ್ನ ಮುಖ ನೋಡಿದರು. ನಮ್ಮ ಮನೆಯಲ್ಲಿ ಎಲ್ಲರದೂ ಆಗಿ ಅವರು ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ, ಬೇಕಾ ಎಂದು ಕೇಳುವವರು ಯಾರೂ ಎದುರಿಗಿರುವುದಿಲ್ಲ. ಹಾಕಿಸ್ಕೊಳ್ಳಿ ಅತ್ತೆ ಎಂದೆ. ಹಾಕಿಸಿಕೊಂಡರು. ದೊಡ್ಡ ಕಿಟಕಿಯ ಆಚೆ ಬೆಟ್ಟ ನೋಡುತ್ತ, ನಿಧಾನವಾಗಿ, ಇನ್ನೊಂದನ್ನೂ ಕೇಳಿ ಹಾಕಿಸಿಕೊಂಡು ತಿಂದರು.

ಅಷ್ಟರಲ್ಲಿ ಟೈನವರು ಬಂದರು. ನಿನ್ನೆಯ ಊಟದ ಸುದ್ದಿ ಅವರಿಗೂ ಮುಟ್ಟಿತ್ತು. ನೋಡಿದ್ರಾ ಸಾರ್, ಅಡುಗೆಮನೆ ಇದ್ದದ್ದಕ್ಕೇ ಅಲ್ಲವೇ ಎಂದು ಕಾಗದ ಹರಡಿದರು. ಗಂಡ ಪೆನ್ನು ತೆಗೆದು, ಏನವ್ವ, ಇದನ್ನೇ ತಗೊಳ್ಳೋಣ ತಾನೆ ಎಂದು ಅಮ್ಮನನ್ನು ಕೇಳಿದರು. ನಾನು ಬಾಯಿ ತೆಗೆಯುವುದರಲ್ಲಿದ್ದೆ.

“ಒಲೆ ಇಲ್ದೆ ಇರ ರೂಮು ಅದೆ ಅಂದಿದ್ರಲ್ಲ ಸಾ, ಅದು ಎಲ್ಲದೆ?” ಎಂದರು ಅತ್ತೆ.

ನಿನ್ನೆ ಅಷ್ಟು ಖುಷಿಯಿಂದ ಪರ ಮಾಡಿದೆಯಲ್ಲ ಎಂದು ಗಂಡ ಕೇಳಿದರು.

“ಬೆಟ್ಟುಕ್ ಬಂದ್ರೆ ಮಾಡ್ಬೇಕು, ಮಾಡ್ದೆ. ಒಲೆ ಇದ್ರೆ ನಾನು ಮಾಡ್ದೆ ಇರಲ್ಲ ಕಣಪ್ಪ. ಮದ್ವೆ ಆದಾಗ್ನಿಂದ ವರ್ಸಾ ವರ್ಸಾ ಬೆಟ್ಟುಕ್ ಓಯ್ತಿವ್ನಿ. ನೀವೆಲ್ಲ ತಿರುಗಿ ಬಂದು ಬೆಟ್ಟ ಅಂಗದೆ ಇಂಗದೆ ಅಂತಿದ್ರಿ. ನಾನು ನೋಡಿರಾದು ಒಲೆ ಒಂದ್ನೇ. ಸುಮ್ನೆ ಕುಂತು ಬೆಟ್ಟ ನೋಡಿದ್ದು ಇವತ್ತೇ.”

ಗಂಡ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಆಮೇಲೆ ಟೈನವರ ಜೊತೆ ಎದ್ದು ಆ ಇನ್ನೊಂದು ರೂಮು ನೋಡಲು ಹೊರಟರು. ಮಕ್ಕಳೂ ಅವರ ಹಿಂದೆ ಓಡಿದರು. ಅತ್ತೆ ನನ್ನ ಕಡೆ ತಿರುಗಿ ದನಿ ತಗ್ಗಿಸಿ ಹೇಳಿದರು: “ನೆನ್ನೆ ನೀನು ಬಚ್ಚಲ ಬಾಗ್ಲು ಹಾಕ್ಕಂಡದ್ದು ನಂಗೊತ್ತು ಮೊಗಾ. ನಿನ್ ವಯ್ಸಲ್ಲಿ ನಂಗೆ ಬಾಗ್ಲಿರ ಬಚ್ಚಲು ಎಲ್ಲಿತ್ತು, ಕೊಟ್ಗೆಗೆ ಓಯ್ತಿದ್ದೆ.”

ನಾನು ಅವರ ಕೈ ಹಿಡಿದುಕೊಂಡೆ. ಇಷ್ಟು ದಿನ ನನ್ನ ರಜೆಗೆ ಅಡ್ಡ ನಿಂತವರು ಇವರೇ ಎಂದುಕೊಂಡಿದ್ದೆನಲ್ಲ ಎಂದು ಸಂಕಟವಾಯಿತು, ಅದಕ್ಕಿಂತ ಹೆಚ್ಚು ಹಗುರವಾಯಿತು. ಅವರ ಕೈಗೆ ಚಟ್ನಿ ಅಂಟಿತ್ತು.

ಆ ರೂಮು ಚಿಕ್ಕದೇ. ಐದು ಜನ ಮಲಗಿದರೆ ಮಗಳ ಕಾಲು ಮಗನ ಮುಖದ ಮೇಲಿರುತ್ತದೆ. ಆದರೆ ಜಗುಲಿ ದೊಡ್ಡದು, ಬೆಟ್ಟಕ್ಕೇ ಮುಖ ಮಾಡಿದೆ. ನಾವು ಅದಕ್ಕೇ ಸಹಿ ಹಾಕಿದೆವು. ಮಗನಿಗೆ ಹಾಲು ಬೇಕೆಂದರೆ ಊಟದ ಹಾಲ್‌ಗೆ ಹೋಗಿ ಫ್ಲಾಸ್ಕಿನಲ್ಲಿ ತರುವ ಜವಾಬ್ದಾರಿ ಅವನಪ್ಪನದು ಎಂದು ಟೈನವರ ಎದುರಿಗೇ ಒಪ್ಪಿಸಿಕೊಂಡೆ. ಮಾದಪ್ಪನ ಬೆಟ್ಟದ ಪರವನ್ನು ನಾವು ನಿಲ್ಲಿಸಿಲ್ಲ, ಅದು ನಿಲ್ಲುವುದೂ ಬೇಡ.

ನಮ್ಮ ಮೊದಲ ವಾರ ಸಿಕ್ಕಿದ್ದು ದಸರಾ ರಜೆಯಲ್ಲಿ. ಊಟಿಗೂ ಹೋಗಬಹುದಿತ್ತು, ಅತ್ತೆ ಇಲ್ಲಿಗೇ ಎಂದರು. ಮೊದಲ ಬೆಳಿಗ್ಗೆ ಅಭ್ಯಾಸಬಲದಿಂದ ನನಗೆ ಕತ್ತಲಿರುವಾಗಲೇ ಎಚ್ಚರವಾಯಿತು. ಜಗುಲಿಗೆ ಬಂದರೆ ಅತ್ತೆ ಆಗಲೇ ಎದ್ದು ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ನಾನೂ ಕೂತೆ. ಹಚ್ಚಲು ಒಲೆಯಿಲ್ಲ, ತೊಳೆಯಲು ಅಕ್ಕಿಯಿಲ್ಲ, ಇಬ್ಬರಿಗೂ ಕೈ ಎಲ್ಲಿಡುವುದೆಂದು ತಿಳಿಯದು. ಅತ್ತೆ ಸೆರಗಿನ ತುದಿ ಮಡಿಚುತ್ತ, ಬಿಚ್ಚುತ್ತ ಇದ್ದರು. ಬೆಟ್ಟದ ಮೇಲೆ ಬೆಳಕು ಬೀಳಲು ಶುರುವಾಯಿತು. ಮಕ್ಕಳು ಒಳಗೆ ಗೊರಕೆ ಹೊಡೆಯುತ್ತಿದ್ದರು.

ಸ್ವಲ್ಪ ಹೊತ್ತಿಗೆ ಗಂಡ ಎದ್ದು ಬಂದರು. ನಮ್ಮಿಬ್ಬರನ್ನೂ ನೋಡಿ, ತಲೆ ಕೆರೆದುಕೊಂಡು, ಜಗುಲಿಯಿಳಿದು ಊಟದ ಹಾಲ್‌ನ ಕಡೆ ಹೋದರು. ತಿರುಗಿ ಬಂದಾಗ ಎರಡೂ ಕೈಯಲ್ಲಿ ಕಾಫಿ ಲೋಟ, ದಾರಿಯುದ್ದ ಚೆಲ್ಲಿಕೊಂಡು. ಒಂದನ್ನು ಅಮ್ಮನಿಗೆ, ಒಂದನ್ನು ನನಗೆ ಕೊಟ್ಟು ಎದುರಿಗೆ ನಿಂತರು.

ಅತ್ತೆ ಊದಿ ಊದಿ ಒಂದು ಗುಟುಕು ಕುಡಿದರು. ಬೆಟ್ಟ ನೋಡಿದರು. ಇನ್ನೊಂದು ಗುಟುಕು ಕುಡಿದು ಲೋಟವನ್ನು ಮಗನ ಕಡೆ ಚಾಚಿದರು.

“ಸಕ್ರೆ ಸಾಲ್ದು ಕಣ್ಲಾ” ಎಂದರು.

ಉಪ್ಪು ಕಡಿಮೆ, ಹುಳಿ ಜಾಸ್ತಿ ಎಂಬುದನ್ನು ಬದುಕಿಡೀ ಕೇಳಿಸಿಕೊಂಡ ಹೆಂಗಸು, ಇನ್ನೊಬ್ಬರು ತಂದುಕೊಟ್ಟದ್ದಕ್ಕೆ ಹೆಸರಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಗಂಡ ಲೋಟ ಇಸಿದುಕೊಂಡು ಮತ್ತೆ ಜಗುಲಿಯಿಳಿದರು.